ರಾಡಿನ ಮೇಲೆ ಗೀಚಿದ ಹೆಸರು

"ಇದನ್ನ ಯಾರು ಗೀಚಿದ್ದು?"

ಅಪ್ಪನ ದನಿಯೇನೂ ಜೋರಾಗಿರಲಿಲ್ಲ. ಆದರೂ ಎದುರಿಗೆ ಎಂಜಿನ್ ಕೆಲಸ ಮಾಡುತ್ತಿದ್ದ ಶಕ್ತಿವೇಲ್ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ವರ್ಕ್‌ಶಾಪಿನ ಬಾಗಿಲ ಬಳಿ ಹಳೇ ಟೈರಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ರೂಪಶ್ರೀ ಪುಸ್ತಕ ಮುಚ್ಚಿದಳು.

ಅಪ್ಪ ಕನೆಕ್ಟಿಂಗ್ ರಾಡನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಿರುಗಿಸಿದ. ಹೊಳೆಯುವ ಉಕ್ಕಿನ ನಡುವೆ ಸೊಟ್ಟಗೆ ಮೂರು ಅಕ್ಷರ ಇದ್ದವು. ನವೀನ್.

ನವೀನ್ ಅಂದರೆ ರೂಪಶ್ರೀಯ ಅಣ್ಣ.

ಗೂಡಲೂರಿನಿಂದ ಊಟಿಗೆ ಹತ್ತುವ ರಸ್ತೆಯ ಪಕ್ಕದಲ್ಲೇ ಅಪ್ಪನ ವರ್ಕ್‌ಶಾಪ್. ಘಾಟಿ ಹತ್ತಲಾರದೆ ಕೆಮ್ಮುವ ಜೀಪು, ಟೀ ಎಲೆ ಸಾಗಿಸುವ ಪಿಕಪ್ಪು, ಎಲ್ಲಕ್ಕೂ ಇಲ್ಲೇ ಔಷಧಿ. ಅಣ್ಣನಿಗೆ ಅಷ್ಟು ಸಾಲದು. ಎಲ್ಲಿಂದಲೋ ಒಂದು ಹಳೇ ಕಾರು ಎಳೆದುಕೊಂಡು ಬಂದು, ಅದಕ್ಕೆ ಟರ್ಬೋ ಹಾಕಿ ರೇಸಿಗೆ ಬಿಡುತ್ತೇನೆ ಎಂದು ಕುಣಿಯುತ್ತಿದ್ದ.

"ಕಂಪನಿ ರಾಡೇ ಸಾಕು ಕಣೋ," ಅನ್ನುತ್ತಿದ್ದ ಅಪ್ಪ.

"ಅದು ತೊಂಬತ್ತು ಹಾರ್ಸ್‌ಪವರಿಗೆ ಮಾಡಿದ್ದಪ್ಪ. ಟರ್ಬೋ ಹಾಕಿ ಮುನ್ನೂರು ತೆಗೆದ್ರೆ ಬಗ್ಗೋಗುತ್ತೆ. ಪಿಸ್ಟನ್ನೂ ಅಷ್ಟೇ. ಎರಕ ಹುಯ್ದಿದ್ದು ಬಿರುಕು ಬಿಡುತ್ತೆ, ಬಡಿದು ಮಾಡಿದ್ದೇ ಬೇಕು."

ಊಟಕ್ಕೆ ಕೂತಾಗಲೂ ಇಬ್ಬರದೂ ಇದೇ ಜಗಳ. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ರೂಪಶ್ರೀಗೆ ಅಣ್ಣನೇ ಬಿಡಿಸಿ ಹೇಳಿದ್ದ: "ನೀನು ಸೈಕಲ್ ತುಳಿಯುವಾಗ ಕಾಲು ಏನು ಮಾಡುತ್ತೆ? ಎಂಜಿನ್ನಿಗೆ ಈ ರಾಡೇ ಕಾಲು. ಮೇಲಿಂದ ಬೆಂಕಿ ಪಿಸ್ಟನ್ನನ್ನ ತಳ್ಳುತ್ತೆ, ಇದು ತುಳಿಯುತ್ತೆ. ಬೆಂಕಿ ಜಾಸ್ತಿ ಆದ್ರೆ ಕಾಲೂ ಗಟ್ಟಿ ಇರ್ಬೇಕು."

ವಾರಗಟ್ಟಲೆ ಹುಡುಕಿ, ಅಳೆದು ಸುರಿದು, ಅಣ್ಣ ನಾಲ್ಕು ರಾಡು, ನಾಲ್ಕು ಪಿಸ್ಟನ್ ಆರಿಸಿ ಆರ್ಡರ್ ಮಾಡಿದ. ಪಾರ್ಸೆಲ್ ಬರುವ ಮೊದಲೇ ಅವನಿಗೆ ಜ್ವರ ಬಂತು. "ಬಾಕ್ಸ್ ಬಂದ್ರೆ ಯಾರೂ ಓಪನ್ ಮಾಡ್ಬೇಡಿ, ನಾನೇ ಮಾಡ್ತೀನಿ," ಎನ್ನುತ್ತಲೇ ಕೊಯಮತ್ತೂರಿನ ಆಸ್ಪತ್ರೆಗೆ ಹೊರಟ ವ್ಯಾನ್ ಹತ್ತಿದ. ಆಮೇಲೆ ಬಾಕ್ಸ್ ಬಂತು. ಅಣ್ಣ ಬರಲಿಲ್ಲ.

ಅಪ್ಪ ಆ ಬಾಕ್ಸನ್ನು ಬೆಂಚಿನ ಕೆಳಗೆ ತಳ್ಳಿಬಿಟ್ಟ. ಮನೆಯಲ್ಲಿ ಯಾರೂ ಅಣ್ಣನ ಹೆಸರು ಎತ್ತುತ್ತಿರಲಿಲ್ಲ. ಅಪ್ಪ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದ. ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಅಮ್ಮ ಹಾಡು ನಿಲ್ಲಿಸಿದಳು. ರೂಪಶ್ರೀಯೂ ಸ್ಕೂಲಿನ ಸುದ್ದಿಯನ್ನೆಲ್ಲ ನುಂಗಿಕೊಳ್ಳುವುದನ್ನು ಕಲಿತಳು.

ಹೋದ ವಾರ ಅದೇನಾಯಿತೋ, ಅಪ್ಪ ತಾನೇ ಬಾಕ್ಸ್ ಬಿಚ್ಚಿದ. ಅಣ್ಣನ ಗೆಳೆಯ ಶಕ್ತಿವೇಲನನ್ನು ಕರೆಸಿ, "ಎಂಜಿನ್ ಕಟ್ಟೋಣ. ಗಾಡಿ ನೀನು ಓಡಿಸು," ಎಂದ. ರೂಪಶ್ರೀಗೆ ಎಷ್ಟು ಖುಷಿಯಾಯಿತೆಂದರೆ, ನಿನ್ನೆ ಅವರಿಬ್ಬರೂ ಟೀ ಕುಡಿಯಲು ಹೋದಾಗ, ಕಬ್ಬಿಣದ ಮೇಲೆ ಗೆರೆ ಎಳೆಯುವ ಚೂಪು ಕಡ್ಡಿಯಿಂದ ಆ ಮೂರು ಅಕ್ಷರ ಗೀಚಿದ್ದಳು.

"ನಾನೇ ಅಪ್ಪ," ಅಂದಳು ಈಗ.

"ಯಾಕೆ ಪುಟ್ಟಿ?"

"ನೀನು ಪಿಕಪ್ ರಾಡಿಗೆಲ್ಲ ನಂಬರ್ ಹೊಡೀತೀಯಲ್ಲ. ಇದು ಅಣ್ಣಂದು. ಒಳಗೆ ಅಣ್ಣನ ಹೆಸರು ಇರ್ಲಿ ಅಂತ..."

ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಬೈದಿದ್ದರೇ ವಾಸಿಯಿತ್ತು.

"ನಂಬರ್ ಹೊಡಿಯೋದು ದಪ್ಪ ತುದೀಗೆ ಕಣವ್ವ. ಇದು ನಡು. ಭಾರ ಎಲ್ಲ ಬೀಳೋದು ಇಲ್ಲೇ. ಒಂದು ಗೀರು ಇದ್ರೂ ಸಾಕು, ಬಿರುಕು ಅಲ್ಲಿಂದ್ಲೇ ಶುರುವಾಗುತ್ತೆ."

"ಅಣ್ಣನ ಹೆಸರಿಂದಾನಾ?"

"ಹೂಂ."

"ಮುರಿದ್ರೆ?"

"ಎಂಜಿನ್ನಿನ ಹೊಟ್ಟೆ ಸೀಳ್ಕೊಂಡು ಹೊರಗೆ ಬರುತ್ತೆ ಪಾಪಾ," ಎಂದ ಶಕ್ತಿವೇಲ್ ಮೆಲ್ಲಗೆ. ಆ ಗಾಡಿಯಲ್ಲಿ ಕೂರಬೇಕಾದವನು ಅವನೇ. ರೂಪಶ್ರೀಗೆ ಅವನ ಮುಖ ನೋಡಲಾಗಲಿಲ್ಲ.

"ಅಂಕಲ್, ಪರವಾಗಿಲ್ಲ," ಎಂದು ಅವನೇ ಸಮಾಧಾನ ಮಾಡಿದ. "ಕಂಪನಿ ರಾಡೇ ಹಾಕಿ ಟರ್ಬೋ ಒತ್ತಡ ಕಮ್ಮಿ ಇಟ್ಕೊಳ್ಳೋಣ."

"ಹಂಗೆ ಮಾಡಿದ್ರೆ ಅದು ನವೀನನ ಎಂಜಿನ್ ಆಗುತ್ತೇನೋ?" ಎಂದ ಅಪ್ಪ.

ಅಣ್ಣನ ಹೆಸರು ಅಪ್ಪನ ಬಾಯಲ್ಲಿ ಎಷ್ಟೋ ತಿಂಗಳ ಮೇಲೆ ಬಂದಿತ್ತು. ರಸ್ತೆಯಲ್ಲಿ ಒಂದು ಬಸ್ಸು ಗೇರ್ ಬದಲಿಸುತ್ತಾ ಮೇಲಕ್ಕೆ ಹೋಯಿತು.

"ಒಂದು ದಾರಿ ಇದೆ," ಎಂದ ಅಪ್ಪ ಕೊನೆಗೆ. "ಉಜ್ಜಿ ಅಳಿಸ್ಬೇಕು. ಗೀರು ಮೇಲ್ಮೇಲೆ ಇದ್ರೆ ಬಚಾವು. ಆಳಕ್ಕೆ ಇಳಿದಿದ್ರೆ ರಾಡು ಗುಜರಿಗೆ."

"ನಾನೇ ಬರೆದಿದ್ದು," ಎಂದಳು ರೂಪಶ್ರೀ. "ನಾನೇ ಅಳಿಸ್ತೀನಿ."

ಅಪ್ಪ ಎಮರಿ ಪೇಪರ್ ಹರಿದುಕೊಟ್ಟ. "ಅಡ್ಡಡ್ಡ ಉಜ್ಬೇಡ. ಉದ್ದಕ್ಕೇ."

ಅವಳು ಉದ್ದಕ್ಕೇ ಉಜ್ಜಿದಳು. ಬೆರಳು ಕಪ್ಪಾದವು. ಮೊದಲು 'ನ' ಮಸುಕಾಯಿತು. ಕಣ್ಣೀರು ಒರೆಸಲು ಹೋಗಿ ಮೂಗೂ ಕಪ್ಪಾಯಿತು. ಅಕ್ಷರ ಕಾಣದಂತಾದ ಮೇಲೆ ಅಪ್ಪ ರಾಡಿಗೆ ಕೆಂಪು ಬಣ್ಣ ಸ್ಪ್ರೇ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಪೌಡರ್ ಹೊಡೆದ. ಗೀರು ಉಳಿದಿದ್ದರೆ ಅದರೊಳಗೆ ಅಡಗಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ.

ಮೂವರೂ ಬಗ್ಗಿ ನೋಡಿದರು. ಬಿಳಿಯ ಮೇಲೆ ಮೆಲ್ಲಮೆಲ್ಲಗೆ ಕೆಂಪು ಗೆರೆಗಳು ಮೂಡಿದವು. ನವೀನ್.

ಬೇಸರಪಡಬೇಕಾದ್ದು ಬಿಟ್ಟು ರೂಪಶ್ರೀಗೆ ಒಳಗೊಳಗೇ ಸಂತೋಷವಾಯಿತು. ಅಣ್ಣ ಹೋಗಿರಲಿಲ್ಲ. ಅಪ್ಪನೂ ಆ ಹೆಸರನ್ನು ಒರೆಸದೆ ಬಹಳ ಹೊತ್ತು ನೋಡುತ್ತಾ ನಿಂತ.

"ಇನ್ನೊಂದು ಸಲ ಉಜ್ಜು ಪುಟ್ಟಿ," ಎಂದ ಆಮೇಲೆ. ಈ ಸಲ ಅವಳ ಕೈ ಮೇಲೆ ತನ್ನ ಕೈಯನ್ನೂ ಇಟ್ಟ. ಇಬ್ಬರೂ ಸೇರಿ ಉಜ್ಜಿದರು.

ಮತ್ತೆ ಕೆಂಪು, ಮತ್ತೆ ಬಿಳಿ. ಎಷ್ಟು ಕಾದರೂ ಬಿಳಿ ಬಿಳಿಯಾಗೇ ಉಳಿಯಿತು. ರಾಡು ಉಳಿಯಿತು.

ಅಪ್ಪ ಅದನ್ನು ತೊಳೆದು ತೂಕಕ್ಕಿಟ್ಟ. ಮಿಕ್ಕ ಮೂರಕ್ಕಿಂತ ಕೂದಲೆಳೆಯಷ್ಟು ಹಗುರವಾಗಿತ್ತು.

"ಈಗ?" ಕೇಳಿದಳು ರೂಪಶ್ರೀ. "ಇದಕ್ಕೆ ತೂಕ ಸೇರಿಸ್ತೀಯಾ?"

"ಸೇರ್ಸೋಕೆ ಆಗಲ್ಲ ಪುಟ್ಟಿ. ಹೋಗಿದ್ದು ಹೋಯ್ತು. ನಾಲ್ಕೂ ಒಂದೇ ತೂಕ ಇಲ್ದಿದ್ರೆ ಎಂಜಿನ್ ನಡುಗುತ್ತೆ. ಅದಕ್ಕೇ ಮಿಕ್ಕಿದ್ದು ಮೂರನ್ನೂ ಇದರಷ್ಟೇ ಹಗುರ ಮಾಡ್ಬೇಕು."

ಅಪ್ಪ ಅರ ತೆಗೆದುಕೊಂಡು ಒಂದು ರಾಡಿನ ದಪ್ಪ ತುದಿಯನ್ನು ಸವೆಸಿದ. ಪೇಪರಿನ ಮೇಲೆ ಬೂದಿಯಂಥ ಪುಡಿ ಉದುರಿತು. ಸವೆಸುವುದು, ತೂಗುವುದು, ಮತ್ತೆ ಸವೆಸುವುದು.

ಎರಡನೆಯದನ್ನು ಹಿಡಿದಾಗ ರೂಪಶ್ರೀಗೆ ಅಮ್ಮನ ನಿಂತುಹೋದ ಹಾಡು ನೆನಪಾಯಿತು. ಅಪ್ಪನ ತಟ್ಟೆಯಲ್ಲಿ ಉಳಿಯುವ ಅನ್ನ ನೆನಪಾಯಿತು. ಮನೆಯಲ್ಲೂ ಈಗ ಮೂವರೇ. ಅವಳು ಅಪ್ಪನ ಕಡೆ ನೋಡಿದಳು.

ಮೂರನೆಯ ರಾಡು ಬಂದಾಗ ಕೈ ಚಾಚಿದಳು.

"ಇದು ನಾನು ಮಾಡ್ತೀನಿ ಅಪ್ಪ," ಎಂದಳು.

ಅಪ್ಪ ಅರವನ್ನು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂರಲು ಜಾಗ ಬಿಟ್ಟ.