ಕಿಡಿ ಹುಟ್ಟುವ ಜಾಗ

“ನಿನ್ನಿ ಬದುಕಿತ್ತು... ಇವತ್ತು ಏನಾತು ಇದಕ್ಕ?”

ಅವ್ವಣ್ಣ ಕೇಳಿದ್ದು ಯಾರನ್ನೂ ಅಲ್ಲ. ಆಕಾಶವನ್ನು.

ಆದರೆ ಅವನ ಕೈ ಇದ್ದದ್ದು ಮೆಕ್ಯಾನಿಕ್ ಆದ ನನ್ನ ಕತ್ತಿನ ಮೇಲೆ.

ಮದುಮಗಳ ಸೋದರಮಾವ ಆತ. ತಾಲೀಮಿನ ಮಣ್ಣಲ್ಲಿ ಇಪ್ಪತ್ತು ವರ್ಷ ಹೊರಳಿದ ಪೈಲ್ವಾನ. ವರನನ್ನು ಕರೆದೊಯ್ಯಲು ಪುಣೆಯ ಕೊಂಢವಾಕ್ಕೆ ಬಂದಿದ್ದ. ವರ ಸುಹಾಸ, ಬಾಸಿಂಗ ಕಟ್ಟಿಕೊಂಡು ಹಳೇ ಫಿಯಟ್‌ನ ಹಿಂದಿನ ಸೀಟಿನಲ್ಲಿ ಬೆವರುತ್ತಿದ್ದ.

“ಹನ್ನೊಂದಕ್ಕ ಅಕ್ಕಿಕಾಳು ಬೀಳಬೇಕ್ರಿ ಭೀಮು. ತಪ್ಪಿತಂದ್ರ ನಿಮ್ಮನ್ನ ಇದ ಬಾನೆಟ್‌ನಾಗ ಮಡಚಿ ಇಡ್ತೀನಿ.”

ಮಡಚುವವನೂ ‘ರೀ’ ಹಚ್ಚಿ ಮಾತಾಡಿದ. ಮರ್ಯಾದಸ್ಥ.

“ರಿಕ್ಷಾ ಹಿಡೀರಲ್ಲ?”

“ಹರಕಿ ಅದಪಾ,” ಎಂದರು ವರನ ತಾಯಿ ಅವ್ವಮ್ಮ. “ಅಜ್ಜನ ಗಾಡ್ಯಾಗ ಕಳಸ್ತೀನಂತ ಮೈಲಾರಲಿಂಗಗ ಮಾತು ಕೊಟ್ಟೀನಿ.”

ಗಂಟೆ ಹತ್ತೂ ಇಪ್ಪತ್ತು.

ಪ್ಲಗ್ ಬಿಚ್ಚಿದೆ. ವೈರ್‌ಗೆ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ಹಿಡಿದೆ.

“ಹೊಡೀರಿ ಸೆಲ್ಫ್.”

ಅವ್ವಣ್ಣ ಒಳಗೆ ಕೂತ. ಗಾಡಿ ಒಂದು ಕಡೆ ವಾಲಿತು. ಎಂಜಿನ್ ತಿರುಗಿತು.

ಕಿಡಿ ಬರಲಿಲ್ಲ.

ಬ್ಯಾಟರಿ ಗಟ್ಟಿ. ಕಾಯಿಲ್‌ವರೆಗೆ ಕರೆಂಟ್ ಇದೆ. ಕಾಯಿಲನ್ನೇ ಬದಲಿಸಿದೆ. ಊಹೂಂ...

ಉಳಿದದ್ದು ಡಿಸ್ಟ್ರಿಬ್ಯೂಟರ್. ಎರಡು ಕ್ಲಿಪ್ ಎಬ್ಬಿಸಿ ಮುಚ್ಚಳ ತೆಗೆದೆ.

ಹಳದಿ!

ಒಳಗೆ ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುಟಿಗಳಿರುತ್ತವೆ. ಅವು ಮುಟ್ಟಿ ಬೇರೆಯಾದರೆ ಪ್ಲಗ್‌ನಲ್ಲಿ ಕಿಡಿ. ಆ ತುಟಿಗಳ ನಡುವೆ ಯಾರೋ ಅರಿಶಿನ ಒತ್ತಿ ತುಂಬಿದ್ದರು.

“ಯಾರ ಕೆಲಸ?”

“ಅವ್ವ ಕೇಳಿದ್ಲು, ಕಿಡಿ ಎಲ್ಲಿ ಹುಟ್ಟತದಂತ,” ಬಾಸಿಂಗದ ಹಿಂದಿನಿಂದ ಸುಹಾಸ. “ತಗದು ತೋರಿಸಿದೆ.”

“ನೀ ಇಂಜಿನಿಯರ್ ಅಲ್ಲೇನೋ?” ಎಂದೆ.

“ಸಾಫ್ಟ್‌ವೇರ್.”

“ಜೇಜೂರಿ ಮೈಲಾರಲಿಂಗನ ಭಂಡಾರ ಅದು,” ಎಂದರು ಅವ್ವಮ್ಮ. “ಬೆಂಕಿ ಹುಟ್ಟೂ ಜಾಗಕ್ಕ ಹಚ್ಚದ ಮತ್ತೆಲ್ಲಿ ಹಚ್ಚಲಿ?”

ಒರೆಸಲು ಚಿಂದಿ ಬಟ್ಟೆ ಎತ್ತಿಕೊಂಡೆ. ಅವರ ಕೈ ನನ್ನ ಮಣಿಕಟ್ಟು ಹಿಡಿಯಿತು. ಪೈಲ್ವಾನನ ಹಿಡಿತ ಇದರ ಮುಂದೆ ಹೂವು.

“ಒರಸಬ್ಯಾಡ. ದೇವರ ಭಂಡಾರ ಚಿಂದ್ಯಾಗ ಹ್ವಾದ್ರ ಮದವಿನೇ ಬ್ಯಾಡ.”

ಒರೆಸಿದರೆ ಮದುವೆ ಇಲ್ಲ. ಒರೆಸದಿದ್ದರೆ ಭೀಮು ಇಲ್ಲ. ಹತ್ತೂ ನಲವತ್ತು.

ಬಗ್ಗಿದೆ. ತುಟಿಗಳ ನಡುವಿನ ಭಂಡಾರವನ್ನು ಬೆರಳ ತುದಿಗೆ ತೆಗೆದು ನನ್ನ ಹಣೆಗೆ ಬಳಿದುಕೊಂಡೆ. ಇನ್ನಷ್ಟು ಅವ್ವಣ್ಣನ ಹಣೆಗೆ. ಪಾಲಿಶ್ ಪೇಪರ್ ಎಳೆದಾಗ ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಸುಹಾಸನ ಎರಡೂ ಗಲ್ಲಕ್ಕೆ.

“ಒರಸಲಿಲ್ಲಬೇ ಅವ್ವಾ. ಹಂಚಿದೆ.”

ಅವ್ವಮ್ಮ ಆ ಮಾತನ್ನು ತೂಗಿ ನೋಡಿದರು. ಮುಚ್ಚಳ ಹಾಕಿ, ಪ್ಲಗ್ ಬಿಗಿದು, ಬಾನೆಟ್ ಇಳಿಸಿದೆ.

“ಏಳಕೋಟಿ...” ಎಂದು ಅವ್ವಮ್ಮ ಮೈಲಾರನ ಜಯಕಾರ ಎತ್ತಿದರು.

“ಏಳಕೋಟಿಗೋ!” ಎನ್ನುತ್ತಲೇ ಅವ್ವಣ್ಣ ಕೀ ತಿರುಗಿಸಿದ.

ಫಿಯಟ್ ಕೆಮ್ಮಿತು. ಎಂಜಿನ್ ಶುರುವಾಯಿತು.

ಅವನು ಗೇರಿಗೆ ಕೈಹಾಕುವಷ್ಟರಲ್ಲಿ ಅವ್ವಮ್ಮ ಗಾಡಿಗೆ ಅಡ್ಡ ನಿಂತರು. ಕೈಯಲ್ಲಿ ಆರತಿ ತಟ್ಟೆ, ಐದು ಬತ್ತಿ, ಐದೂ ಉರಿಯುತ್ತಿದ್ದವು.

“ಒಂದ ಸಲ ಬಾನೆಟ್ ತಗಿಯಪಾ. ಒಳಗ ಬೆಳಗತೀನಿ.”

ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದಾಗ ಒಳಗೆ ಚಿಮ್ಮಿದ ಪೆಟ್ರೋಲಿನ ವಾಸನೆ ಇನ್ನೂ ನನ್ನ ಮೂಗಲ್ಲೇ ಇತ್ತು. ಬಾನೆಟ್ ಮೇಲೆ ಹತ್ತಿ ಕೂತೆ.

“ತಗಿಯಂಗಿಲ್ಲ.”