ಕರಗಿದ ನಾನೂರು ಟ್ಯೂಬುಗಳು

ಸೋಮವಾರ ಬೆಳಿಗ್ಗೆ ಫ್ರೀಜರಿನ ಬಾಗಿಲು ತೆರೆದಾಗ ಡಾಕ್ಟರಮ್ಮನ ಮುಖಕ್ಕೆ ಚಳಿ ರಾಚಬೇಕಿತ್ತು. ರಾಚಲಿಲ್ಲ. ಒಳಗಿನಿಂದ ನೀರು ಸುರಿದು ಅವರ ಚಪ್ಪಲಿ ನೆನೆಯಿತು.

ನಾನೂರು ಮಕ್ಕಳ ರಕ್ತದ ಮಾದರಿ ಕರಗಿತ್ತು. ಚೀಟಿಗಳು ಕಳಚಿ ರಾಶಿಯಾಗಿದ್ದವು. ಯಾವ ಟ್ಯೂಬು ಯಾರದ್ದೋ ದೇವರೇ ಬಲ್ಲ. ಆರು ವರ್ಷದ ಸಂಶೋಧನೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಪ್ಲಗ್ ಯಾರೋ ಕಿತ್ತಿದ್ದರು. ಅಲಾರಂ ಕೂಡ ಬಂದ್. ಅದರ ಪಾಸ್‌ವರ್ಡ್ ಗೊತ್ತಿದ್ದವರು ಮೂವರೇ: ಡಾಕ್ಟರಮ್ಮ, ಕಿರಿಯ ಸಂಶೋಧಕ, ಮತ್ತೆ ಇಪ್ಪತ್ತು ವರ್ಷದಿಂದ ಲ್ಯಾಬ್ ಕಾಯ್ದುಕೊಂಡು ಬಂದ ಟೆಕ್ನಿಷಿಯನ್. ಅವರನ್ನು ಎಲ್ಲರೂ ಕರೆಯುತ್ತಿದ್ದುದು ದೊಡ್ಡಕ್ಕ ಎಂದು.

ದೊಡ್ಡಕ್ಕ ಬಂದವರೇ ತಲೆಯ ಮೇಲೆ ಕೈ ಹೊತ್ತರು. "ನಮ್ಮ ಹಣೆಬರಹ ಮೇಡಂ. ಎಂಜೈಮ್ ಡಬ್ಬಿಗಳಾದ್ರೂ ಉಳಿದ್ವಲ್ಲ, ಅಷ್ಟೇ ಪುಣ್ಯ."

* * *

ಲ್ಯಾಬಿನ ಮುಂಬಾಗಿಲಿನ ಕಾರ್ಡ್ ದಾಖಲೆ ಕಿರಿಯ ಸಂಶೋಧಕನತ್ತ ಬೊಟ್ಟು ಮಾಡಿತು.

"ನಿನ್ನೆ ಭಾನುವಾರ. ಯಾಕೆ ಬಂದಿದ್ದೆ?"

ಅವನು ತಲೆ ತಗ್ಗಿಸಿದ. "ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕ್ಬೇಕಿತ್ತು. ಪ್ರಿಂಟ್ ತಗೊಂಡೆ. ನಿಮ್ಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಫ್ರೀಜರ್ ಮುಟ್ಟಿದ್ಯಾ?"

"ನಾನ್ಯಾಕೆ ಮೇಡಂ? ನನ್ನ ಎಂಜೈಮ್‌ಗಳೂ ಅದ್ರಲ್ಲೇ ಇದ್ವು. ಎಲ್ಲಾ ಹೋಯ್ತು."

ಡಾಕ್ಟರಮ್ಮ ತಟ್ಟನೆ ಎದ್ದು ಪಕ್ಕದ ಫ್ರೀಜರ್ ತೆರೆದರು. ಅಲ್ಲಿ ಎಂಜೈಮ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಯಾರೋ ಮುಂಚೆಯೇ ಜೋಪಾನವಾಗಿ ಸಾಗಿಸಿದ್ದರು. ಈ ಬಾಗಿಲನ್ನು ಇವತ್ತು ತೆರೆದದ್ದು ಇದೇ ಮೊದಲು.

ಹಾಗಾದರೆ ಉಳಿದಿವೆ ಎಂದು ಬೆಳಿಗ್ಗೆಯೇ ಗೊತ್ತಿದ್ದದ್ದು ಯಾರಿಗೆ?

* * *

"ಹಿಂಬಾಗಿಲ ಕೀಲಿ ನಿಮ್ಮ ಹತ್ರ ಇದೆ ಅಕ್ಕಾ. ಅದಕ್ಕೆ ದಾಖಲೆ ಇಲ್ಲ. ಬೇರೆಯವರ ಕೆಲಸ ಹಾಳಾಗ್ಬಾರ್ದು ಅಂತ ಡಬ್ಬಿ ಎತ್ತಿಟ್ರಿ. ಮಕ್ಕಳ ರಕ್ತ ಯಾಕೆ ಬಿಟ್ರಿ?"

ದೊಡ್ಡಕ್ಕ ಗೋಡೆಗೊರಗಿದರು.

ಡಾಕ್ಟರಮ್ಮನೇ ಮುಂದುವರಿಸಿದರು. ರೋಗನಿರೋಧಕ ಕಣಗಳಿಗೆ ಲಗಾಮು ಹಾಕುವುದು ಮೈಕ್ರೋ ಆರ್‌ಎನ್‌ಎ ಎಂಬ ಚೂರುಗಳು. ಲಗಾಮು ಸಡಿಲವಾದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಕಾಯಬೇಕಾದ ಕಣಗಳೇ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತವೆ, ಮಗುವಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಅರವತ್ತೊಂದನೇ ನಂಬರಿನ ಹುಡುಗಿಯ ಲಗಾಮು ಬಿಗಿಯಾಗಿದೆ ಎಂದಿತ್ತು ಮೂರು ವರ್ಷದ ಹಿಂದಿನ ವರದಿ. ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ತಾಯಿಗೆ ಹೇಳಿದ್ದರು. ಹೋದ ವಾರ ಮಗು ಸಕ್ಕರೆಯೇರಿ ಪ್ರಜ್ಞೆ ತಪ್ಪಿತ್ತು.

"ಹಳೇ ಟ್ಯೂಬಿನ ರಕ್ತ ಅವಳದ್ದೇನಾ ಅಂತ ಇವತ್ತು ತಾಳೆ ನೋಡ್ಬೇಕಿತ್ತು. ಅದು ನಿಮ್ಗೆ ಗೊತ್ತಿತ್ತು."

"ಹದಿನಾರಕ್ಕೂ ಅರವತ್ತೊಂದಕ್ಕೂ ಚೀಟಿ ಅದಲುಬದಲಾಯ್ತು ಮೇಡಂ. ಈ ಕೈಯಿಂದ್ಲೇ. ಒಂದೇ ಟ್ಯೂಬ್ ಕಾಣೆಯಾದ್ರೆ ಸಿಕ್ಕಿಬೀಳ್ತೀನಿ ಅಂತ ಎಲ್ಲಾನೂ..."

"ಮೂರು ವರ್ಷದಲ್ಲಿ ಒಂದು ಮಾತು ಹೇಳೋಕಾಗ್ಲಿಲ್ವಾ?"

ದೊಡ್ಡಕ್ಕ ಕಣ್ಣೆತ್ತಿದರು. "ಅವತ್ತೇ ಹೇಳಿದ್ನಲ್ಲ."

ಡಾಕ್ಟರಮ್ಮನಿಗೆ ನೆನಪಾಯಿತು. ವರದಿ ಕಳಿಸುವ ಹಿಂದಿನ ದಿನ. 'ಎರಡು ಚೀಟಿ ಮೇಲೆ ಅನುಮಾನ ಇದೆ ಮೇಡಂ.' ತಾವು ಪರದೆಯಿಂದ ಮುಖ ಎತ್ತಿರಲಿಲ್ಲ. 'ಈಗ ಕೆದಕಬೇಡಿ ಅಕ್ಕಾ.'

* * *

ಸಂಸ್ಥೆಗೆ ಕೊಡುವ ದೂರಿನಲ್ಲಿ ತಪ್ಪಿತಸ್ಥರ ಜಾಗದಲ್ಲಿ ಡಾಕ್ಟರಮ್ಮ ಎರಡು ಹೆಸರು ಬರೆದರು. ಮೊದಲನೆಯದು ತಮ್ಮದು. ಹದಿನಾರನೇ ನಂಬರಿನ ಮನೆಗೆ ಫೋನ್ ಮಾಡಿ, ಅವರಿಗೆ ಬಂದದ್ದು ಬೇರೆ ಮಗುವಿನ ವರದಿ ಎಂಬ ನಿಜ ಹೇಳಿದರು. ಆಮೇಲೆ ಅವರೂ ದೊಡ್ಡಕ್ಕನೂ ಆಸ್ಪತ್ರೆಗೆ ಹೋದರು.

ವಾರ್ಡಿನ ಹೊರಗಿದ್ದ ಅರವತ್ತೊಂದರ ಹುಡುಗಿಯ ತಾಯಿ ಎದ್ದು ಕೈ ಹಿಡಿದಳು. "ಈಗಷ್ಟೇ ಕಣ್ಣು ಬಿಟ್ಲು ಡಾಕ್ಟ್ರೇ! ನೀವು ಕೈಬಿಡಲ್ಲ ಅಂತ ಗೊತ್ತಿತ್ತು ನಂಗೆ."

ಡಾಕ್ಟರಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡರು.

"ಕೂತ್ಕೊಳ್ಳಿ ಅಮ್ಮಾ. ನಾನು ಹೇಳೋದು ಪೂರ್ತಿ ಕೇಳಿ."