ಬಿಚ್ಚಿ ಜೋಡಿಸುವ ಯಂತ್ರ

ನೀಲಾವತಿಯನ್ನು ನಾನು ಮೊದಲು ನೋಡಿದ್ದು ಸಿಟ್ಟಿನಲ್ಲಿ.

ಸವಣೂರಿನ ನನ್ನ ಶೆಡ್ಡಿಗೆ ಕೆಲಸಕ್ಕೆ ಸೇರಿದ ದಿನವೇ ಅವಳು, ನಾನೇ ಮಾಡಿ ಮಾರಿದ್ದು ಕೆದಂಬಾಡಿಯಿಂದ ವಾಪಸ್ ಬಂದಿದ್ದ ಹಳೆಯ ಅಡಿಕೆ ಸುಲಿಯುವ ಯಂತ್ರದ ವೆಲ್ಡಿಂಗನ್ನು ಗ್ರೈಂಡರಿನಲ್ಲಿ ಕೊಯ್ದು, ಒಳಗಿದ್ದುದನ್ನೆಲ್ಲ ನೆಲದ ಮೇಲೆ ಹರಡಿ ಕೂತಿದ್ದಳು. ನನ್ನ ವೆಲ್ಡಿಂಗ್ ಎಂದರೆ ನನಗೆ ಅಷ್ಟು ಹೆಮ್ಮೆ. ಬಾಯಿಗೆ ಬಂದಂತೆ ಬೈದೆ.

ಅವಳು ಸವೆದ ಬ್ಲೇಡೊಂದನ್ನು ಎತ್ತಿ ತೋರಿಸಿದಳು. "ಇದೊಂದು ಹೋದದ್ದಕ್ಕೆ ಇಡೀ ಯಂತ್ರ ಗುಜರಿಗೆ ಹಾಕುದಾ ಧನಿಗಳೇ?"

ನಾನು ಕಲಿತದ್ದು ಊರ ಶಾಲೆಯಲ್ಲಿ. ಅವಳು ಸುಳ್ಯದ ಕಡೆಯವಳು, ಡಿಪ್ಲೊಮಾ ಮಾಡಿದವಳು. ಯಂತ್ರ ಹುಟ್ಟುವಾಗಲೇ ಅದು ವಾಪಸ್ ಬರುವ ದಿನವನ್ನು ಯೋಚಿಸಬೇಕು ಎಂಬುದು ಅವಳ ವಾದ. ವೆಲ್ಡಿಂಗ್ ಇದ್ದಲ್ಲೆಲ್ಲ ಬೋಲ್ಟ್ ಬಂತು. ಎಲ್ಲ ಬೋಲ್ಟಿಗೂ ಒಂದೇ ಸ್ಪ್ಯಾನರ್. ರೈತರು ಹಳೆಯದನ್ನು ತಂದರೆ ಫ್ರೇಮ್ ಉಳಿಸಿ, ಬ್ಲೇಡು, ಬೆಲ್ಟು, ಬೇರಿಂಗ್ ಬದಲಿಸಿ, ಹೊಸದರಷ್ಟೇ ಗ್ಯಾರಂಟಿ ಕೊಟ್ಟು ಮತ್ತೆ ಮಾರುತ್ತಿದ್ದೆವು. ಒಪ್ಪುವ ಮೊದಲು ನಾನು ಪ್ರತಿಯೊಂದಕ್ಕೂ ಜಗಳ ಮಾಡಿದ್ದೇನೆ. ಆ ಜಗಳಗಳ ಸುಖ ಆಮೇಲೆ ಯಾವುದರಲ್ಲೂ ಸಿಗಲಿಲ್ಲ.

ನಟ್ಟು ಬಿಗಿಯುವಾಗ ಅವಳು ತುಟಿ ಕಚ್ಚುತ್ತಿದ್ದಳು. ಕೆನ್ನೆಯಲ್ಲಿ ಗ್ರೀಸು. ನಾನು ನೋಡುವುದು ಅವಳಿಗೆ ಗೊತ್ತಿತ್ತು.

"ಎಂತ ನೋಡುದು?"

"ನಟ್ಟು."

"ನನ್ನ ಕೆನ್ನೆಯಲ್ಲಿ ನಟ್ಟು ಇಲ್ಲ ಮಾರಾಯ್ರೆ."

ಹೀಗಿರುವಾಗ ಒಂದು ಶುಕ್ರವಾರ, ಭಾನುವಾರ ಹುಡುಗನ ಕಡೆಯವರು ನೋಡಲು ಬರುತ್ತಾರೆ, ಸಂಬಂಧ ಕುದುರಿದರೆ ಕೆಲಸ ಬಿಡಬೇಕಾಗುತ್ತದೆ ಎಂದಳು. ಹೋಗು ಎಂದೆ. ಬೇರೇನು ಹೇಳಲಿ? ನಮ್ಮ ಮನೆಮಾತು ತುಳು, ಅವರದ್ದು ಸುಳ್ಯದ ಗೌಡರ ಅರೆಭಾಷೆ. ಜಾತಿಯೂ ಬೇರೆ.

ಮರುದಿನ ಮಧ್ಯಾಹ್ನ ಈಶ್ವರಮಂಗಲದ ಜಮೀನ್ದಾರರೊಬ್ಬರು ದೊಡ್ಡ ಆರ್ಡರ್ ಹಿಡಿದು ಬಂದರು. ಆಳುಗಳು ಬಿಚ್ಚಿ ಹಾಳು ಮಾಡುತ್ತಾರೆ, ಬೋಲ್ಟ್ ಬೇಡ, ವೆಲ್ಡ್ ಮಾಡಿಯೇ ಕೊಡಬೇಕು ಎಂದು ಅವರ ಹಟ. ನನಗೆ ಸಿಟ್ಟು ನೆತ್ತಿಗೇರಿತು.

"ವೆಲ್ಡಿಂಗ್ ಬೇಕಾದರೆ ಬೇರೆ ಕಡೆ ನೋಡಿ. ಇದು ಅವಳು ಮಾಡಿದ ಯಂತ್ರ. ಒಂದು ಬೋಲ್ಟ್ ಕೂಡ ನಾನು ಬದಲಿಸುದಿಲ್ಲ."

ಅವರು ಜೀಪು ಹತ್ತಿ ಹೋದರು. ತಿರುಗಿದರೆ ಮನೆಗೆ ಹೊರಟ ನೀಲಾವತಿ ಬ್ಯಾಗು ಹಿಡಿದು ನಿಂತಿದ್ದಳು.

"ನಾನು ಹೋದ ಮೇಲೂ ಹೀಗೆಯೇ ಹೇಳುದಾ?" ಎಂದು ಕೇಳಿದಳು.

"ನೀನು ಹೋಗುದು ಬೇಡ."

ಅವಳು ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು, ತುಟಿಯ ತುದಿಯಲ್ಲಿ ನಗು. "ಅದನ್ನು ಅಪ್ಪನ ಹತ್ತಿರ ಹೇಳಿ. ಇವತ್ತೇ. ಬೊಬ್ಬೆ ಹಾಕದೆ."

ಸಂಜೆ ಸುಳ್ಯದ ಅವರ ಮನೆ ಜಗಲಿಯಲ್ಲಿ ಕೂತೆ. ಅವಳ ಅಪ್ಪ ಕುಕ್ಕಪ್ಪ ಗೌಡರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹುಟ್ಟಿದ ಮೇಲೆ ಅಷ್ಟು ಮೆತ್ತಗೆ ನಾನು ಮಾತಾಡಿದ್ದಿಲ್ಲ.

ಗೌಡರು ಕಿವಿಗೆ ಕೈ ಇಟ್ಟರು. "ಎಂತ? ಕೇಳುದಿಲ್ಲ ಮಾರಾಯ, ಗಟ್ಟಿ ಹೇಳು."

ಮತ್ತೆ ಹೇಳಿದೆ. ಮತ್ತೆ ಕೇಳಲಿಲ್ಲ. ಒಳಗೆ ಯಾರೋ ನಗು ತಡೆಯುತ್ತಿದ್ದರು.

"ನಿಮ್ಮ ಮಗಳನ್ನು ನನಗೆ ಕೊಡಿ!"

ಆಚೆ ತೋಟದಲ್ಲಿದ್ದವರೂ ತಿರುಗಿ ನೋಡಿದರು. ಗೌಡರು ಸುಣ್ಣ ಹಚ್ಚಿದ ಎಲೆಯನ್ನು ನಿಧಾನಕ್ಕೆ ಮಡಚಿ ಬಾಯಿಗಿಟ್ಟರು. ಕೊನೆಗೆ ಎಲೆತಟ್ಟೆಯನ್ನು ನನ್ನ ಕಡೆ ತಳ್ಳಿ, ಒಳಕ್ಕೆ ಮುಖ ಮಾಡಿ, ನಾಳೆ ಬರುವವರಿಗೆ ಬರುವುದು ಬೇಡವೆಂದು ಫೋನ್ ಮಾಡಲು ಅರೆಭಾಷೆಯಲ್ಲಿ ಮಗಳಿಗೆ ಹೇಳಿದರು.

ನನಗೂ ಸರಿಯಾಗಿ ಅರ್ಥವಾಗಲಿ ಎಂದೋ ಏನೋ, ಅವಳು ಕನ್ನಡದಲ್ಲೇ ಉತ್ತರಿಸಿದಳು.

"ಬೆಳಿಗ್ಗೆಯೇ ಫೋನ್ ಮಾಡಿ ಹೇಳಿ ಆಯ್ತು ಅಪ್ಪ."